ಕಮಾಂಡ್ ಲೈನ್ ಪ್ರೋಗ್ರಾಂಗಳಲ್ಲಿ ದೋಷಗಳಿಗೆ ಸರಿಯಾದ ಎಕ್ಸಿಟ್ ಕೋಡ್ ಕೊಡುವ ಕ್ರಮ

ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಸಣ್ಣ ಕಮಾಂಡ್ ಲೈನ್ ಪ್ರೋಗ್ರಾಂ ಬರೆಯುತ್ತಿದ್ದೇವೆ ಎಂದು ಇಟ್ಟುಕೊಳ್ಳೋಣ. ಒಂದೊಂದೇ ಕಡತವನ್ನು ಕೊಟ್ಟು ಪರದೆಯನ್ನು ನೋಡುತ್ತ ಕುಳಿತವರಿಗೆ "ಈ ಕಡತವನ್ನು ತೆರೆಯಲಾಗಲಿಲ್ಲ" ಎಂಬ ಸಂದೇಶ ಸಾಕಾಗುತ್ತದೆ. ಆದರೆ ಇಂಥ ಪ್ರೋಗ್ರಾಂ ಹೆಚ್ಚಾಗಿ ಬಳಕೆಯಾಗುವುದು ಬೇರೆ ರೀತಿಯಲ್ಲಿ. ಒಂದು ಪ್ರಕಾಶನದ ಅಥವಾ ಪತ್ರಿಕೆಯ ಹಳೆಯ ಸಂಗ್ರಹವನ್ನೆಲ್ಲ ಒಂದು ಶೆಲ್ ಸ್ಕ್ರಿಪ್ಟಿಗೆ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತಕ್ಕೆ, ಒಪ್ಪಿಸಲಾಗುತ್ತದೆ. ಆ ಸ್ಕ್ರಿಪ್ಟು ಪ್ರತಿ ಕಡತಕ್ಕೂ ನಮ್ಮ ಪ್ರೋಗ್ರಾಂ ಅನ್ನು ಓಡಿಸಿ, ಪರಿವರ್ತನೆ ಯಶಸ್ವಿಯಾದರೆ ಮೂಲ ಕಡತವನ್ನು ಅಳಿಸಿ ಮುಂದಿನದಕ್ಕೆ ಹೋಗುತ್ತದೆ. ಸ್ಕ್ರಿಪ್ಟು ನಮ್ಮ ಸಂದೇಶವನ್ನು ಓದುವುದಿಲ್ಲ. ಅದು ನೋಡುವುದು ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಒಂದು ಸಂಖ್ಯೆಯನ್ನು ಮಾತ್ರ, ಅಂದರೆ ಎಕ್ಸಿಟ್ ಕೋಡನ್ನು. ಕೆಲಸ ಕೆಟ್ಟಿದ್ದರೂ ಆ ಸಂಖ್ಯೆ ಸೊನ್ನೆಯಾಗಿದ್ದರೆ ಮೂಲ ಕಡತವೂ ಇಲ್ಲ, ಪರಿವರ್ತಿತ ಕಡತವೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಆದ್ದರಿಂದ ಈ ಸಂಖ್ಯೆಯನ್ನು ಸಂದೇಶದಷ್ಟೇ, ನನ್ನ ದೃಷ್ಟಿಯಲ್ಲಿ ಸಂದೇಶಕ್ಕಿಂತಲೂ ಹೆಚ್ಚು, ಎಚ್ಚರದಿಂದ ಆರಿಸಬೇಕು.

ಮೊದಲು ಈ ಸಂಖ್ಯೆಯ ಮಿತಿಯನ್ನು ತಿಳಿದುಕೊಳ್ಳಬೇಕು. ಯೂನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ ಪ್ರೋಗ್ರಾಂ ಕೊಟ್ಟ ಮೌಲ್ಯದ ಕೊನೆಯ 8 ಬಿಟ್‌ಗಳು ಮಾತ್ರ ಅದನ್ನು ಓಡಿಸಿದವರನ್ನು ತಲುಪುತ್ತವೆ, ಹೀಗಾಗಿ ಸಿಗುವ ವ್ಯಾಪ್ತಿ 0ಯಿಂದ 255ರವರೆಗೆ. ಮೈನಸ್ 1 ಎಂದು ಕೊಟ್ಟರೆ ಶೆಲ್‌ಗೆ, ಅಂದರೆ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂಗೆ, ಕಾಣುವುದು 255. 256 ಎಂದು ಕೊಟ್ಟರೆ ಕಾಣುವುದು 0. ಎಷ್ಟು ದೋಷಗಳು ಸಿಕ್ಕವೋ ಆ ಎಣಿಕೆಯನ್ನೇ ಎಕ್ಸಿಟ್ ಕೋಡಾಗಿ ಕೊಡುವ ಪದ್ಧತಿಯನ್ನು ಕೆಲವರು ಅನುಸರಿಸುತ್ತಾರೆ. ಅದನ್ನು ಖಂಡಿತ ಮಾಡಬಾರದು, ಏಕೆಂದರೆ ಸರಿಯಾಗಿ 256 ದೋಷಗಳಿರುವ ದಿನ ಪ್ರೋಗ್ರಾಂ ತಾನು ಯಶಸ್ವಿಯಾದೆನೆಂದು ಹೇಳುತ್ತದೆ. ಎಣಿಕೆಯನ್ನು ಸಂದೇಶದಲ್ಲಿ ಮುದ್ರಿಸಿ, ಕೋಡ್‌ನಲ್ಲಿ ದೋಷದ ಬಗೆಯನ್ನು ಮಾತ್ರ ತಿಳಿಸುವುದು ಸರಿಯಾದ ಕ್ರಮ. ಶೆಲ್‌ನಲ್ಲಿ ಒಂದು ಕಮಾಂಡ್ ಮುಗಿದ ಕೂಡಲೇ "ಎಕೋ $?" ಎಂದು ಕೊಟ್ಟರೆ ಅದರ ಕೋಡ್ ಕಾಣಿಸುತ್ತದೆ; ನಡುವೆ ಇನ್ನೊಂದು ಕಮಾಂಡ್ ಓಡಿಸಿದರೆ ಮೊದಲನೆಯದರ ಕೋಡ್ ಅಳಿಸಿಹೋಗಿ ಎರಡನೆಯದರದು ಉಳಿಯುತ್ತದೆ.

ಸೊನ್ನೆಯನ್ನು ಕಾಯುವುದು

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಕೇಳಿದ ಕೆಲಸ ಪೂರ್ತಿಯಾಗಿ ಆಗಿದ್ದರೆ ಮಾತ್ರ 0. ಈ ನಿಯಮವನ್ನು ಗೊತ್ತಿದ್ದೂ ಮುರಿಯುವವರು ಕಡಿಮೆ. ಅದು ಮುರಿಯುವುದು ಹೆಚ್ಚಾಗಿ ಪ್ರೋಗ್ರಾಂನ ರಚನೆಯಿಂದ. ದೋಷವನ್ನು ಹಿಡಿದು, ಸಂದೇಶ ಮುದ್ರಿಸಿ, ಅಲ್ಲಿಂದ ಸುಮ್ಮನೆ ಮರಳುವ ಫಂಕ್ಷನ್ ಇದರ ಅತಿ ಸಾಮಾನ್ಯ ರೂಪ. ಸಂದೇಶ ಪರದೆಯ ಮೇಲೆ ಬಂದಿರುತ್ತದೆ, ಪ್ರೋಗ್ರಾಂ ಮಾತ್ರ ತನ್ನ ಕೊನೆಯ ಸಾಲನ್ನು ಮುಟ್ಟಿ 0 ಕೊಟ್ಟು ಮುಗಿಯುತ್ತದೆ. ಶೆಲ್ ಸ್ಕ್ರಿಪ್ಟ್‌ಗಳಲ್ಲಿ ಇದಕ್ಕೆ ಇನ್ನೊಂದು ರೂಪವಿದೆ: ಸ್ಕ್ರಿಪ್ಟಿನ ಎಕ್ಸಿಟ್ ಕೋಡ್ ಎಂದರೆ ಅದರಲ್ಲಿ ಕೊನೆಗೆ ಓಡಿದ ಕಮಾಂಡಿನ ಕೋಡ್, ಆದ್ದರಿಂದ ನಡುವೆ ಏನು ಕೆಟ್ಟಿದ್ದರೂ ಕೊನೆಯಲ್ಲಿ "ಮುಗಿಯಿತು" ಎಂದು ಮುದ್ರಿಸುವ ಒಂದು ಎಕೋ ಇದ್ದರೆ ಇಡೀ ಸ್ಕ್ರಿಪ್ಟು ಯಶಸ್ವಿ ಎಂದು ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಡಿಸ್ಕ್ ತುಂಬಿದಾಗ ಆಗುವ ತಪ್ಪು. ಪ್ರೋಗ್ರಾಂ ಬರೆದ ಅಕ್ಷರಗಳು ನೇರವಾಗಿ ಡಿಸ್ಕ್ ಸೇರುವುದಿಲ್ಲ. ಅವು ಮೊದಲು ಬಫರ್‌ನಲ್ಲಿ, ಅಂದರೆ ಮೆಮೊರಿಯ ಒಂದು ತಾತ್ಕಾಲಿಕ ಜಾಗದಲ್ಲಿ, ಸೇರಿಕೊಂಡು, ಬಫರ್ ತುಂಬಿದಾಗ ಅಥವಾ ಕಡತವನ್ನು ಮುಚ್ಚುವಾಗ ಮಾತ್ರ ಹೊರಗೆ ಹೋಗುತ್ತವೆ. ಸಿ ಭಾಷೆಯಲ್ಲಿ ಮುದ್ರಿಸುವ ಫಂಕ್ಷನ್ ಪ್ರಿಂಟ್‌ಎಫ್ ಯಶಸ್ವಿಯಾಗಿ ಮರಳಿದ್ದರೂ, ಪ್ರೋಗ್ರಾಂ ಮುಗಿಯುವಾಗ ಬಫರ್ ಖಾಲಿ ಮಾಡುವ ಹಂತದಲ್ಲಿ ಜಾಗವಿಲ್ಲದೆ ಬರಹ ಕಳೆದುಹೋಗಬಹುದು. ಅದನ್ನು ಯಾರೂ ಪರಿಶೀಲಿಸದಿದ್ದರೆ ಎಕ್ಸಿಟ್ ಕೋಡ್ 0 ಆಗಿಯೇ ಉಳಿಯುತ್ತದೆ. ಲಿನಕ್ಸ್‌ನ ಮೂಲಭೂತ ಕಮಾಂಡ್‌ಗಳ ಸಂಗ್ರಹವಾದ ಗ್ನೂ ಕೋರ್‌ಯುಟಿಲ್ಸ್‌ನ ಪ್ರೋಗ್ರಾಂಗಳು ಮುಗಿಯುವ ಮುನ್ನ ತಮ್ಮ ಔಟ್‌ಪುಟ್ ಅನ್ನು ತಾವೇ ಮುಚ್ಚಿ, ಮುಚ್ಚುವಾಗ ದೋಷ ಬಂತೇ ಎಂದು ನೋಡುತ್ತವೆ. ಪೈಥಾನ್ 3.6ರಿಂದ ಮುಂದಕ್ಕೆ, ಮುಗಿಯುವ ಹೊತ್ತಿನಲ್ಲಿ ಬಫರ್ ಖಾಲಿ ಮಾಡಲು ಆಗದಿದ್ದರೆ ಎಕ್ಸಿಟ್ ಕೋಡ್ 120 ಆಗುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಪರೀಕ್ಷಿಸುವುದು ಬಹಳ ಸುಲಭ. /ಡೆವ್/ಫುಲ್ ಎಂಬ ಸಾಧನಕ್ಕೆ ಏನನ್ನು ಬರೆದರೂ "ಜಾಗವಿಲ್ಲ" ಎಂಬ ದೋಷವೇ ಬರುತ್ತದೆ. ನಮ್ಮ ಪ್ರೋಗ್ರಾಂನ ಔಟ್‌ಪುಟ್ ಅನ್ನು ಅದಕ್ಕೆ ತಿರುಗಿಸಿ ಕೋಡನ್ನು ನೋಡಬೇಕು. ಅದು 0 ಬಂದರೆ ಪ್ರೋಗ್ರಾಂ ಇನ್ನೂ ಬಳಕೆಗೆ ಸಿದ್ಧವಾಗಿಲ್ಲ.

ನಮ್ಮ ಪರಿವರ್ತಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಪರಿವರ್ತಿತ ಬರಹವನ್ನು ಮೊದಲು ಒಂದು ತಾತ್ಕಾಲಿಕ ಕಡತಕ್ಕೆ ಬರೆದು, ಅದನ್ನು ಮುಚ್ಚಿ, ಎಲ್ಲವೂ ಸರಿಯಿದೆ ಎಂದಾದ ಮೇಲೆ ನಿಜವಾದ ಹೆಸರಿಗೆ ಬದಲಾಯಿಸಬೇಕು. ಆಗ ಸೊನ್ನೆಯಲ್ಲದ ಕೋಡ್ ಬಂದಾಗಲೆಲ್ಲ ಅರೆಬರೆಯಾದ ಕಡತ ಹಿಂದೆ ಉಳಿದಿಲ್ಲ ಎಂಬ ಭರವಸೆಯನ್ನೂ ಬಳಕೆದಾರರಿಗೆ ಕೊಡಬಹುದು.

ಯಾವ ದೋಷಕ್ಕೆ ಯಾವ ಸಂಖ್ಯೆ

ಸಿ ಭಾಷೆಯ ಮಾನಕವು ಯಶಸ್ಸು ಮತ್ತು ವೈಫಲ್ಯ ಎಂಬ ಎರಡು ಸ್ಥಿತಿಗಳಿಗೆ ಮಾತ್ರ ಹೆಸರು ಕೊಡುತ್ತದೆ; ಅವುಗಳ ಬೆಲೆ ಸಾಮಾನ್ಯವಾಗಿ 0 ಮತ್ತು 1. ಅನೇಕ ಪ್ರೋಗ್ರಾಂಗಳಿಗೆ ಇಷ್ಟೇ ಸಾಕು. ಇದಕ್ಕಿಂತ ಹೆಚ್ಚು ಕೋಡ್‌ಗಳು ಬೇಕೇ ಎಂಬುದನ್ನು ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಎರಡು ದೋಷಗಳು ಬಂದಾಗ ನಮ್ಮನ್ನು ಓಡಿಸಿದ ಸ್ಕ್ರಿಪ್ಟು ಬೇರೆ ಬೇರೆ ಕೆಲಸ ಮಾಡಬೇಕಾಗುತ್ತದೆಯೇ? ಮಾಡಬೇಕಿದ್ದರೆ ಎರಡಕ್ಕೂ ಬೇರೆ ಕೋಡ್ ಕೊಡಬೇಕು. ಇಲ್ಲದಿದ್ದರೆ ಒಂದೇ ಕೋಡ್ ಸಾಕು, ವಿವರವನ್ನು ಸಂದೇಶಕ್ಕೆ ಬಿಡಬಹುದು. ಕಡತ ಇಲ್ಲ ಎಂಬುದಕ್ಕೂ ಕಡತವನ್ನು ಓದಲು ಅನುಮತಿ ಇಲ್ಲ ಎಂಬುದಕ್ಕೂ ಪರಿವರ್ತಕವನ್ನು ಓಡಿಸುವ ಸ್ಕ್ರಿಪ್ಟು ಮಾಡುವುದು ಒಂದನ್ನೇ, ಅಂದರೆ ಆ ಹೆಸರನ್ನು ಪಟ್ಟಿಯಲ್ಲಿ ಬರೆದಿಟ್ಟು ಮುಂದೆ ಹೋಗುವುದನ್ನು. ಜಾಲದಲ್ಲಿರುವ ಡಿಸ್ಕ್ ಸ್ವಲ್ಪ ಹೊತ್ತು ಸಿಗುತ್ತಿಲ್ಲ ಎಂಬುದು ಹಾಗಲ್ಲ. ಅಲ್ಲಿ ಕಾದು ಮತ್ತೆ ಯತ್ನಿಸುವುದು ಸರಿ. ಕಮಾಂಡಿನ ಆಯ್ಕೆಗಳನ್ನೇ ತಪ್ಪಾಗಿ ಬರೆದಿದ್ದರೆ ಇನ್ನೊಂದು ಕಡತಕ್ಕೆ ಹೋಗುವುದರಲ್ಲೂ ಅರ್ಥವಿಲ್ಲ, ಇಡೀ ಸ್ಕ್ರಿಪ್ಟನ್ನು ಅಲ್ಲೇ ನಿಲ್ಲಿಸಬೇಕು.

ದೋಷವಲ್ಲದ, ಆದರೆ ಯಶಸ್ಸೆಂದೂ ಹೇಳಲಾಗದ ಸ್ಥಿತಿಗಳನ್ನು ನಿಭಾಯಿಸುವುದು ಹೆಚ್ಚು ಕಷ್ಟ. ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಇದಕ್ಕೆ ಒಳ್ಳೆಯ ಮಾದರಿ: ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ಹುಡುಕುವುದಕ್ಕೇ ಅಡ್ಡಿಯಾದರೆ 2. ಎರಡು ಕಡತಗಳನ್ನು ಹೋಲಿಸುವ ಡಿಫ್ ಕೂಡ ಇದೇ ದಾರಿಯಲ್ಲಿ, ಕಡತಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ತೊಂದರೆಯಾದರೆ 2 ಕೊಡುತ್ತದೆ. ಕಡತಗಳ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ಗಿಟ್ ಡಿಫ್ ಕಮಾಂಡ್ ಬೇರೆ ತೀರ್ಮಾನ ಮಾಡಿದೆ. ವ್ಯತ್ಯಾಸವಿದ್ದರೂ ಅದು 0 ಕೊಡುತ್ತದೆ, ಬೇಕಾದವರು ಎಕ್ಸಿಟ್ ಕೋಡ್ ಎಂಬ ಆಯ್ಕೆಯನ್ನು ಸೇರಿಸಿದಾಗ ಮಾತ್ರ 1 ಕೊಡುತ್ತದೆ. ಮನುಷ್ಯರು ನೇರವಾಗಿ ಓಡಿಸುವುದೇ ಹೆಚ್ಚಾಗಿರುವ ಪ್ರೋಗ್ರಾಂಗೆ ಗಿಟ್‌ನ ಕ್ರಮವೂ, ಸ್ಕ್ರಿಪ್ಟಿನಲ್ಲಿ ಪ್ರಶ್ನೆಯಂತೆ ಬಳಕೆಯಾಗುವ ಪ್ರೋಗ್ರಾಂಗೆ ಗ್ರೆಪ್‌ನ ಕ್ರಮವೂ ಹೊಂದುತ್ತವೆ.

ನಮ್ಮ ಪರಿವರ್ತಕದಲ್ಲಿ ಇಂಥದೇ ಸ್ಥಿತಿಯೊಂದಿದೆ: ಕೊಟ್ಟ ಕಡತ ಈಗಾಗಲೇ ಯೂನಿಕೋಡ್‌ನಲ್ಲಿರಬಹುದು. ನುಡಿಯ ಹಳೆಯ ಫಾಂಟ್‌ಗಳು ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ್ದವು, ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ಮೀಸಲಾಗಿವೆ; ಆದ್ದರಿಂದ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಮತ್ತೆ ಪರಿವರ್ತಿಸಿದರೆ ಕಡತದಲ್ಲಿರುವ ಇಂಗ್ಲಿಷ್ ಪದಗಳು ಕೆಡುತ್ತವೆ, ಆದ್ದರಿಂದ ಪ್ರೋಗ್ರಾಂ ಅದನ್ನು ಮುಟ್ಟಬಾರದು. ಮುಟ್ಟದೆ 0 ಕೊಟ್ಟರೆ ಸ್ಕ್ರಿಪ್ಟು ಮೂಲವನ್ನು ಅಳಿಸುತ್ತದೆ. ಹಾಗಾಗಿ ಇದಕ್ಕೊಂದು ಪ್ರತ್ಯೇಕ ಕೋಡ್ ಬೇಕು.

ಗ್ರೆಪ್‌ನಂತೆ ಇದಕ್ಕೆ 1 ಕೊಡೋಣ ಎಂದು ತೋಚುವುದು ಸಹಜ, ಆದರೆ ಅಲ್ಲೊಂದು ಅಪಾಯವಿದೆ. ಪೈಥಾನ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಷನ್‌ನಿಂದ, ಅಂದರೆ ಓಡುವಾಗ ಎದ್ದ ದೋಷದಿಂದ, ಪ್ರೋಗ್ರಾಂ ಬಿದ್ದುಹೋದರೆ ಬರುವ ಕೋಡೂ 1, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿಯೂ ಅಷ್ಟೆ. ನಮ್ಮ ಪ್ರೋಗ್ರಾಂನಲ್ಲಿ 1 ಎಂದರೆ "ಈಗಾಗಲೇ ಯೂನಿಕೋಡ್‌ನಲ್ಲಿದೆ, ಚಿಂತೆಯಿಲ್ಲ" ಎಂಬ ಅರ್ಥವಿದ್ದರೆ, ಪ್ರೋಗ್ರಾಂ ಕುಸಿದದ್ದೂ ಸ್ಕ್ರಿಪ್ಟಿಗೆ ಚಿಂತೆಯಿಲ್ಲದ ಸಂಗತಿಯಾಗಿಯೇ ಕಾಣುತ್ತದೆ. 2ಕ್ಕೂ ಇದೇ ತೊಡಕು: ಪೈಥಾನ್‌ನಲ್ಲಿ ಕಮಾಂಡಿನ ಆಯ್ಕೆಗಳನ್ನು ಓದುವ ಆರ್ಗ್‌ಪಾರ್ಸ್ ತಪ್ಪು ಆಯ್ಕೆಗಳಿಗೆ 2 ಕೊಡುತ್ತದೆ, ಗೋ ಭಾಷೆಯಲ್ಲಿ ಪ್ಯಾನಿಕ್ ಆದರೆ, ಅಂದರೆ ಪ್ರೋಗ್ರಾಂ ಹಠಾತ್ತನೆ ಕುಸಿದರೆ, ಕೋಡ್ 2. ರಸ್ಟ್ ಭಾಷೆಯ ಪ್ಯಾನಿಕ್ 101 ಕೊಡುತ್ತದೆ. ಆದ್ದರಿಂದ ನಾನು ಒಪ್ಪುವ ಕ್ರಮವೆಂದರೆ, 1 ಅನ್ನು ಗೊತ್ತಿಲ್ಲದ ಅಥವಾ ಸಾಮಾನ್ಯ ವೈಫಲ್ಯಕ್ಕೂ, 2 ಅನ್ನು ಕಮಾಂಡನ್ನು ತಪ್ಪಾಗಿ ಬಳಸಿದ್ದಕ್ಕೂ ಬಿಟ್ಟು, ನಮ್ಮದೇ ವಿಶೇಷ ಅರ್ಥಗಳನ್ನು 3ರಿಂದ ಆರಂಭಿಸುವುದು. ಪರಿವರ್ತಕಕ್ಕೆ ನಾನು ಇಡುವ ಪಟ್ಟಿ ಹೀಗಿರುತ್ತದೆ: ಪೂರ್ತಿ ಪರಿವರ್ತನೆಯಾದರೆ 0, ಈಗಾಗಲೇ ಯೂನಿಕೋಡ್‌ನಲ್ಲಿದ್ದರೆ 3, ಕಡತವನ್ನು ಓದಲು ಅಥವಾ ಬರೆಯಲು ಆಗದಿದ್ದರೆ 4, ಪರಿವರ್ತನೆಯಾಯಿತು, ಆದರೆ ಗುರುತಿಗೆ ಸಿಗದ ಅಕ್ಷರಭಾಗಗಳು ಉಳಿದಿವೆ ಎಂದಾದರೆ 5. ಕೊನೆಯದನ್ನು 0 ಮಾಡುವ ಆಸೆಗೆ ಒಳಗಾಗಬಾರದು. ಒಂದು ಒತ್ತಕ್ಷರ ಕಳೆದುಹೋದರೂ ಆ ಕಡತವನ್ನು ಒಬ್ಬರು ಕಣ್ಣಾರೆ ನೋಡುವವರೆಗೆ ಮೂಲ ಉಳಿದಿರಬೇಕು.

ಒಂದೇ ಸಲಕ್ಕೆ ಹಲವು ಕಡತಗಳನ್ನು ಕೊಟ್ಟಾಗ ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಒಂದು ಕೆಟ್ಟರೂ ಉಳಿದವನ್ನು ಮುಂದುವರಿಸಿ, ಕೊನೆಯಲ್ಲಿ ಬಂದ ಕೋಡ್‌ಗಳಲ್ಲಿ ಹೆಚ್ಚು ಗಂಭೀರವಾದದ್ದನ್ನು ಕೊಡುವುದು ವಾಡಿಕೆ. ಕಡತಗಳ ಪಟ್ಟಿ ತೋರಿಸುವ ಗ್ನೂ ಎಲ್‌ಎಸ್ ಸಣ್ಣ ತೊಂದರೆಗೆ 1, ಹೆಸರಿಸಿದ ಕಡತವೇ ಸಿಗದಂಥ ದೊಡ್ಡ ತೊಂದರೆಗೆ 2 ಕೊಡುತ್ತದೆ. ಕಡತಗಳನ್ನು ಇನ್ನೊಂದೆಡೆಗೆ ನಕಲು ಮಾಡುವ ಆರ್‌ಸಿಂಕ್ ಇನ್ನಷ್ಟು ಸೂಕ್ಷ್ಮವಾಗಿ, ದೋಷದಿಂದ ಭಾಗಶಃ ವರ್ಗಾವಣೆಯಾದರೆ 23, ವರ್ಗಾಯಿಸುವಷ್ಟರಲ್ಲಿ ಮೂಲ ಕಡತಗಳೇ ಮಾಯವಾಗಿದ್ದರೆ 24 ಎಂದು ಬೇರ್ಪಡಿಸುತ್ತದೆ. ಓಡುತ್ತಿರುವ ಗಣಕದ ಬ್ಯಾಕಪ್ ತೆಗೆಯುವವರು 24 ಅನ್ನು ಕಡೆಗಣಿಸಿ 23ಕ್ಕೆ ಎಚ್ಚರಗೊಳ್ಳಲು ಈ ವ್ಯತ್ಯಾಸವೇ ಆಧಾರ.

64ರಿಂದ 78ರವರೆಗೆ ಒಂದು ಹಳೆಯ ಪಟ್ಟಿಯಿದೆ. ಬರ್ಕ್ಲಿ ಯೂನಿಕ್ಸ್‌ನ ಸಿಸ್‌ಎಕ್ಸಿಟ್ಸ್ ಎಂಬ ಹೆಡರ್ ಕಡತದಲ್ಲಿರುವ ಈ ಪಟ್ಟಿ ಡೆಲಿವರ್‌ಮೇಲ್ ಎಂಬ ಅಂಚೆ ಪ್ರೋಗ್ರಾಂಗಾಗಿ, ಅಂದರೆ ಎರಿಕ್ ಆಲ್ಮನ್ ಅವರ ಸೆಂಡ್‌ಮೇಲ್‌ನ ಪೂರ್ವರೂಪಕ್ಕಾಗಿ, ಹುಟ್ಟಿದ್ದು. ಅದರಲ್ಲಿ 64 ಎಂದರೆ ತಪ್ಪು ಬಳಕೆ, 65 ಎಂದರೆ ಕೆಟ್ಟ ದತ್ತಾಂಶ, 66 ಎಂದರೆ ಇನ್‌ಪುಟ್ ಸಿಗಲಿಲ್ಲ, 70 ಎಂದರೆ ಪ್ರೋಗ್ರಾಂನ ಒಳಗಿನ ದೋಷ, 75 ಎಂದರೆ ತಾತ್ಕಾಲಿಕ ತೊಂದರೆ, 77 ಎಂದರೆ ಅನುಮತಿ ಇಲ್ಲ, 78 ಎಂದರೆ ಸಂರಚನೆಯಲ್ಲಿ ದೋಷ. ಈ ಪಟ್ಟಿಯನ್ನು ಎಲ್ಲರೂ ಪಾಲಿಸುತ್ತಾರೆಂದು ನಂಬುವಂತಿಲ್ಲ, ಪೂರ್ತಿಯಾಗಿ ಅಳವಡಿಸಿಕೊಳ್ಳುವ ಅಗತ್ಯವೂ ಕಾಣುವುದಿಲ್ಲ. ಆದರೆ 75 ಮಾತ್ರ ನಿಜವಾಗಿ ಉಪಯುಕ್ತ: "ಈಗ ಆಗಲಿಲ್ಲ, ಇದೇ ಕೆಲಸವನ್ನು ಸ್ವಲ್ಪ ಹೊತ್ತಿನ ನಂತರ ಮತ್ತೆ ಕೊಡಿ" ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತದೆ. ಜಾಲದ ಡಿಸ್ಕ್ ಸಿಗದ ಸ್ಥಿತಿಗೆ ನಮ್ಮ ಪರಿವರ್ತಕವೂ ಅದನ್ನೇ ಕೊಡಬಹುದು.

ಮುಟ್ಟಬಾರದ ಸಂಖ್ಯೆಗಳು

ಕೆಲವು ಸಂಖ್ಯೆಗಳಿಗೆ ಶೆಲ್ ಈಗಾಗಲೇ ಅರ್ಥ ಕೊಟ್ಟಿದೆ. ಕಮಾಂಡ್ ಸಿಕ್ಕಿತು ಆದರೆ ಓಡಿಸಲಾಗಲಿಲ್ಲ ಎಂದರೆ 126, ಕಮಾಂಡೇ ಸಿಗಲಿಲ್ಲ ಎಂದರೆ 127. ಸಿಗ್ನಲ್‌ನಿಂದ, ಅಂದರೆ ಕಾರ್ಯವ್ಯವಸ್ಥೆಯ ಮೂಲಕ ಬರುವ ಸೂಚನೆಯಿಂದ, ಸತ್ತ ಪ್ರೋಗ್ರಾಂಗೆ ಬ್ಯಾಷ್ ಎಂಬ ಶೆಲ್ 128ಕ್ಕೆ ಸಿಗ್ನಲ್‌ನ ಸಂಖ್ಯೆಯನ್ನು ಕೂಡಿಸಿ ತೋರಿಸುತ್ತದೆ. ಕಂಟ್ರೋಲ್ ಸಿ ಒತ್ತಿದರೆ 130, ಸೆಗ್ಮೆಂಟೇಶನ್ ಫಾಲ್ಟ್ (ಮೆಮೊರಿಯ ತಪ್ಪು ಬಳಕೆ) ಆದರೆ 139, ನಿಲ್ಲು ಎನ್ನುವ ಸಿಗ್‌ಟರ್ಮ್ ಸಿಗ್ನಲ್‌ನಿಂದ ನಿಂತರೆ 143. ಕಂಟೇನರ್‌ಗಳನ್ನು ನೋಡಿಕೊಳ್ಳುವವರಿಗೆ 137 ಪರಿಚಿತ, ಅದು 9ನೆಯ ಸಿಗ್ನಲ್. ಮೆಮೊರಿ ಮಿತಿ ಮೀರಿ ಕರ್ನೆಲ್ ಕೊಂದಾಗಲೂ ಇದೇ ಕಾಣುತ್ತದೆ. ಇವುಗಳಲ್ಲದೆ, ಟೈಮ್‌ಔಟ್ ಕಮಾಂಡ್ ಅವಧಿ ಮುಗಿದಾಗ 124 ಕೊಡುತ್ತದೆ, ದೋಷ ಬಂದ ಆವೃತ್ತಿಯನ್ನು ಹುಡುಕುವ ಗಿಟ್ ಬೈಸೆಕ್ಟ್ 125 ಅನ್ನು "ಈ ಆವೃತ್ತಿಯನ್ನು ಪರೀಕ್ಷಿಸಲಾಗದು, ಬಿಟ್ಟುಬಿಡು" ಎಂದು ಅರ್ಥ ಮಾಡಿಕೊಳ್ಳುತ್ತದೆ, ದೂರದ ಗಣಕಕ್ಕೆ ಸಂಪರ್ಕಿಸುವ ಎಸ್‌ಎಸ್‌ಎಚ್ ತನ್ನದೇ ದೋಷಕ್ಕೆ 255 ಕೊಡುತ್ತದೆ, ಒಂದು ಪಟ್ಟಿಯ ಮೇಲೆ ಕಮಾಂಡ್ ಓಡಿಸುವ ಎಕ್ಸ್‌ಆರ್ಗ್ಸ್ ತಾನು ಓಡಿಸಿದ ಕಮಾಂಡ್ 255 ಕೊಟ್ಟರೆ ಉಳಿದ ಕೆಲಸವನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಮ್ಮ ಕೋಡ್‌ಗಳನ್ನು 100ರ ಕೆಳಗೇ ಇಟ್ಟುಕೊಳ್ಳುವುದು ಕ್ಷೇಮ. ಮೈನಸ್ 1 ಎಂದು ಬರೆಯುವ ಅಭ್ಯಾಸವಿರುವವರು ತಾವು ನಿಜವಾಗಿ 255 ಕೊಡುತ್ತಿದ್ದೇವೆ ಎಂಬುದನ್ನು ನೆನಪಿಡಬೇಕು.

ಕಂಟ್ರೋಲ್ ಸಿ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ತಾತ್ಕಾಲಿಕ ಕಡತವನ್ನು ಅಳಿಸಲೆಂದು ಪ್ರೋಗ್ರಾಂ ಆ ಸಿಗ್ನಲನ್ನು ಹಿಡಿಯುವುದು ನ್ಯಾಯವೇ. ಆದರೆ ಅಳಿಸಿದ ಮೇಲೆ 1 ಕೊಟ್ಟು ಸಹಜವಾಗಿ ಮುಗಿದರೆ, ಪ್ರೋಗ್ರಾಂ ಆ ಸಿಗ್ನಲನ್ನು ತಾನೇ ನಿಭಾಯಿಸಿಕೊಂಡಿತು ಎಂದು ಬ್ಯಾಷ್ ತಿಳಿದು, ಲೂಪ್‌ನಲ್ಲಿ ಮುಂದಿನ ಕಡತಕ್ಕೆ ಹೋಗುತ್ತದೆ. ಬಳಕೆದಾರರು ಸಾವಿರ ಕಡತಗಳ ಕೆಲಸವನ್ನು ನಿಲ್ಲಿಸಲು ಮತ್ತೆ ಮತ್ತೆ ಕೀಲಿ ಒತ್ತಬೇಕಾಗುತ್ತದೆ. 130 ಎಂಬ ಸಂಖ್ಯೆಯನ್ನು ಕೈಯಾರೆ ಕೊಟ್ಟರೂ ಇದು ಸರಿಹೋಗುವುದಿಲ್ಲ. ಸ್ವಚ್ಛಗೊಳಿಸುವ ಕೆಲಸ ಮುಗಿದ ಮೇಲೆ ಆ ಸಿಗ್ನಲ್‌ನ ನಡವಳಿಕೆಯನ್ನು ಮೂಲಸ್ಥಿತಿಗೆ ತಂದು, ಅದೇ ಸಿಗ್ನಲನ್ನು ಪ್ರೋಗ್ರಾಂ ತನಗೇ ಮತ್ತೆ ಕಳುಹಿಸಿಕೊಳ್ಳಬೇಕು. ಪೈಥಾನ್ 3.8ರಿಂದ ಮುಂದೆ, ಕೀಬೋರ್ಡ್ ಇಂಟರಪ್ಟ್ ಅನ್ನು ಹಿಡಿಯದೆ ಬಿಟ್ಟರೆ ಇಂಟರ್‌ಪ್ರಿಟರ್ ತಾನೇ ಹೀಗೆ ಮಾಡುತ್ತದೆ.

ಭಾಷೆಗಳಲ್ಲಿ ಎಡವುವ ಕಡೆಗಳು

ಪೈಥಾನ್‌ನಲ್ಲಿ ಸಿಸ್ ಡಾಟ್ ಎಕ್ಸಿಟ್ ಎಂಬುದು ಒಳಗೆ ಒಂದು ಎಕ್ಸೆಪ್ಷನ್ ಅಷ್ಟೆ. ಬಗೆಯನ್ನು ಹೆಸರಿಸದ ಬರಿಯ ಎಕ್ಸೆಪ್ಟ್ ಅದನ್ನೂ ಹಿಡಿದು ನುಂಗುತ್ತದೆ, ಆಗ ನಾವು ಕೊಟ್ಟ ಕೋಡ್ ಹೊರಗೆ ಬರುವುದೇ ಇಲ್ಲ. ಅದಕ್ಕೆ ಸಂಖ್ಯೆಯ ಬದಲು ವಾಕ್ಯವನ್ನು ಕೊಟ್ಟರೆ ವಾಕ್ಯವನ್ನು ದೋಷವಾಹಿನಿಗೆ, ಅಂದರೆ ಎಸ್‌ಟಿಡಿ‌ಎರ್‌ಗೆ, ಮುದ್ರಿಸಿ ಕೋಡ್ 1 ಕೊಡುತ್ತದೆ. ಸಣ್ಣ ಪ್ರೋಗ್ರಾಂಗಳಿಗೆ ಇದು ಚೊಕ್ಕವಾದ ದಾರಿ. ಗೋ ಭಾಷೆಯಲ್ಲಿ ಓಎಸ್ ಡಾಟ್ ಎಕ್ಸಿಟ್ ಕರೆದರೆ ಡಿಫರ್ ಮಾಡಿಟ್ಟ, ಅಂದರೆ ಕೊನೆಯಲ್ಲಿ ಮಾಡಲೆಂದು ಇಟ್ಟ, ಕೆಲಸಗಳು ನಡೆಯುವುದಿಲ್ಲ, ತಾತ್ಕಾಲಿಕ ಕಡತ ಹಾಗೆಯೇ ಉಳಿಯುತ್ತದೆ. ಎಲ್ಲ ಕೆಲಸವನ್ನೂ ಸಂಖ್ಯೆಯೊಂದನ್ನು ಮರಳಿಸುವ ಬೇರೆ ಫಂಕ್ಷನ್‌ನಲ್ಲಿಟ್ಟು, ಮೇನ್‌ನಲ್ಲಿ ಆ ಸಂಖ್ಯೆಯೊಂದಿಗೆ ಒಂದೇ ಒಂದು ಬಾರಿ ಎಕ್ಸಿಟ್ ಕರೆಯುವುದು ಇದಕ್ಕೆ ಪರಿಹಾರ. ಈ ರಚನೆ ಬೇರೆ ಭಾಷೆಗಳಿಗೂ ಒಳ್ಳೆಯದೇ, ಏಕೆಂದರೆ ಕೋಡ್ ನಿರ್ಧಾರವಾಗುವ ಜಾಗ ಒಂದೇ ಆಗುತ್ತದೆ. ನೋಡ್‌ನಲ್ಲಿ ಪ್ರೋಸೆಸ್ ಡಾಟ್ ಎಕ್ಸಿಟ್ ಕರೆದರೆ ಪೈಪ್‌ಗೆ, ಅಂದರೆ ಇನ್ನೊಂದು ಪ್ರೋಗ್ರಾಂಗೆ ಜೋಡಿಸಿದ ದಾರಿಗೆ, ಇನ್ನೂ ಹೋಗದ ಬರಹ ಕತ್ತರಿಸಿ ಹೋಗಬಹುದು; ಬದಲಿಗೆ ಎಕ್ಸಿಟ್‌ಕೋಡ್ ಎಂಬ ಗುಣಕ್ಕೆ ಬೆಲೆ ಕೊಟ್ಟು ಪ್ರೋಗ್ರಾಂ ತಾನಾಗಿ ಮುಗಿಯಲು ಬಿಡಬೇಕು. ಅಲ್ಲದೆ ನೋಡ್ 15ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಯಾರೂ ಹಿಡಿಯದ ಪ್ರಾಮಿಸ್ (ನಂತರ ಮುಗಿಯುವ ಕೆಲಸ) ವೈಫಲ್ಯಕ್ಕೆ ಎಚ್ಚರಿಕೆ ಮಾತ್ರ ಬಂದು ಕೋಡ್ 0 ಆಗುತ್ತಿತ್ತು.

ಕೋಡನ್ನು ಓದುವ ಕಡೆಯೂ ಅಷ್ಟೇ ಎಚ್ಚರ ಬೇಕು. ಪೈಪ್‌ಲೈನ್‌ನ ಕೋಡ್ ಎಂದರೆ ಅದರ ಕೊನೆಯ ಕಮಾಂಡಿನದು ಮಾತ್ರ. ನಮ್ಮ ಪರಿವರ್ತಕದ ಔಟ್‌ಪುಟ್ ಅನ್ನು, ಬರಹವನ್ನು ಪರದೆಗೂ ಕಡತಕ್ಕೂ ಕಳುಹಿಸುವ ಟೀ ಕಮಾಂಡಿಗೆ ಪೈಪ್ ಮಾಡಿದರೆ ಪರಿವರ್ತಕದ ವೈಫಲ್ಯ ಮರೆಯಾಗುತ್ತದೆ. ಬ್ಯಾಷ್‌ನಲ್ಲಿ ಪೈಪ್‌ಫೇಲ್ ಆಯ್ಕೆಯನ್ನು ಹಾಕಿದರೆ ಈ ತೊಂದರೆ ನೀಗುತ್ತದೆ. ದೋಷ ಬಂದಲ್ಲೇ ಸ್ಕ್ರಿಪ್ಟನ್ನು ನಿಲ್ಲಿಸುವ "ಸೆಟ್ -ಇ" ಉಪಯುಕ್ತವಾದರೂ ಅದನ್ನೇ ನೆಚ್ಚಬಾರದು: ಇಫ್ ಷರತ್ತಿನ ಒಳಗೆ ಅಥವಾ, ಎಡಗಡೆಯದು ವಿಫಲವಾದರೆ ಮಾತ್ರ ಬಲಗಡೆಯದನ್ನು ಓಡಿಸುವ || ಚಿಹ್ನೆಯ ಎಡಕ್ಕೆ ಓಡಿದ ಫಂಕ್ಷನ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ, ಲೋಕಲ್ ಎಂದು ಘೋಷಿಸುವ ಸಾಲಿನಲ್ಲೇ ಕಮಾಂಡಿನ ಔಟ್‌ಪುಟ್ ತುಂಬಿಕೊಂಡರೆ ಲೋಕಲ್‌ನ ಸೊನ್ನೆ ಕಮಾಂಡಿನ ಕೋಡನ್ನು ಮುಚ್ಚುತ್ತದೆ, ಆದರೆ ಗ್ರೆಪ್‌ಗೆ ಏನೂ ಸಿಗದೆ 1 ಬಂದಾಗ ಇಡೀ ಸ್ಕ್ರಿಪ್ಟು ಅಕಾರಣವಾಗಿ ನಿಂತುಬಿಡುತ್ತದೆ. ಪರಿವರ್ತಕವನ್ನು ಓಡಿಸುವ ಸ್ಕ್ರಿಪ್ಟಿನಲ್ಲಿ ಕಮಾಂಡಿನ ನಂತರ || ಹಾಕಿ $? ಅನ್ನು ಒಂದು ಚರದಲ್ಲಿ ಹಿಡಿದು, ಕೇಸ್ ರಚನೆಯಲ್ಲಿ 0 ಬಂದರೆ ಅಳಿಸು, 3 ಬಂದರೆ ಬಿಡು, 4 ಬಂದರೆ ಹೆಸರನ್ನು ಪಟ್ಟಿಯಲ್ಲಿ ಬರೆದು ಮುಂದೆ ಹೋಗು, 5 ಬಂದರೆ ಪರಿಶೀಲನೆಯ ಫೋಲ್ಡರಿಗೆ ಹಾಕು, 75 ಬಂದರೆ ಕಾದು ಮತ್ತೆ ಓಡಿಸು, ಬೇರೆ ಏನೇ ಬಂದರೂ ನಿಲ್ಲಿಸು ಎಂದು ಬರೆಯುವುದು ಉತ್ತಮ. ಚರವನ್ನು ಪ್ರತಿ ಸುತ್ತಿನ ಆರಂಭದಲ್ಲಿ 0 ಮಾಡಿಕೊಳ್ಳಲು ಮರೆಯಬಾರದು. ಕೊನೆಯ "ಬೇರೆ ಏನೇ ಬಂದರೂ" ಎಂಬ ಸಾಲನ್ನು ಬಿಡಲೇಬಾರದು.

ವಿಂಡೋಸ್‌ನಲ್ಲಿ ಕೋಡ್ 32 ಬಿಟ್‌ಗಳದು, ಬ್ಯಾಚ್ ಕಡತಗಳಲ್ಲಿ ಅದು ಎರರ್‌ಲೆವೆಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅಲ್ಲಿಯ ರೋಬೋಕಾಪಿ ಯಶಸ್ವಿಯಾಗಿ ನಕಲು ಮಾಡಿದರೂ 1 ಕೊಡುತ್ತದೆ, 8 ಮತ್ತು ಅದಕ್ಕಿಂತ ಹೆಚ್ಚಿನದು ಮಾತ್ರ ವೈಫಲ್ಯ. ಅದನ್ನು ಬಳಸುವ ಪ್ರತಿಯೊಬ್ಬರೂ ಈ ಅಪವಾದವನ್ನು ಪ್ರತ್ಯೇಕವಾಗಿ ನಿಭಾಯಿಸಬೇಕಾಗಿದೆ. ಎರಡೂ ಕಡೆ ಓಡಬೇಕಾದ ಪ್ರೋಗ್ರಾಂ 8 ಬಿಟ್‌ಗಳ ಮಿತಿಯಲ್ಲೇ ಇರಲಿ.

ಆರಿಸಿದ ಕೋಡ್‌ಗಳನ್ನು ಮ್ಯಾನ್ ಪುಟದ ಎಕ್ಸಿಟ್ ಸ್ಟೇಟಸ್ ವಿಭಾಗದಲ್ಲಿಯೂ ಹೆಲ್ಪ್ ಆಯ್ಕೆಯ ಬರಹದಲ್ಲಿಯೂ ಪಟ್ಟಿ ಮಾಡಬೇಕು, ಪ್ರತಿ ಕೋಡಿಗೂ ಒಂದು ಪರೀಕ್ಷೆ ಇರಬೇಕು: ಇಲ್ಲದ ಕಡತ, ಓದಲು ಅನುಮತಿಯಿಲ್ಲದ ಕಡತ, ಈಗಾಗಲೇ ಯೂನಿಕೋಡ್‌ನಲ್ಲಿರುವ ಕಡತ, ತಪ್ಪು ಆಯ್ಕೆ, /ಡೆವ್/ಫುಲ್‌ಗೆ ಹೋಗುವ ಔಟ್‌ಪುಟ್. ಅನುಮತಿಯ ಪರೀಕ್ಷೆಯನ್ನು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯಿಂದ, ಓಡಿಸಬಾರದು, ರೂಟ್‌ಗೆ ಎಲ್ಲ ಕಡತವೂ ತೆರೆಯುತ್ತದೆ; ಕಂಟೇನರ್ ಒಳಗೆ ನಡೆಯುವ ಪರೀಕ್ಷೆಗಳಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಪ್ರೋಗ್ರಾಂ ಒಮ್ಮೆ ಇತರರ ಕೈ ಸೇರಿದ ಮೇಲೆ ಒಂದು ಕೋಡಿನ ಅರ್ಥವನ್ನು ಬದಲಾಯಿಸುವುದು ಕಮಾಂಡಿನ ಆಯ್ಕೆಯೊಂದರ ಹೆಸರನ್ನು ಬದಲಾಯಿಸಿದಷ್ಟೇ ದೊಡ್ಡ ಬದಲಾವಣೆ, ಆದ್ದರಿಂದ ಹೊಸ ಸ್ಥಿತಿ ಎದುರಾದಾಗ ಹಳೆಯ ಸಂಖ್ಯೆಗೆ ಇನ್ನೊಂದು ಅರ್ಥ ತುಂಬದೆ, ಪಟ್ಟಿಯಲ್ಲಿಲ್ಲದ ಸಂಖ್ಯೆಯೊಂದನ್ನು ಆರಿಸಿ, ಮುಖ್ಯ ಆವೃತ್ತಿಯ ಬದಲಾವಣೆಗಳ ಟಿಪ್ಪಣಿಯಲ್ಲಿ ಅದನ್ನು ನಮೂದಿಸಬೇಕು.